ವಿಮಾನದ ಬಿಡಿಭಾಗದ ಬೆಲೆ

ಪುಷ್ಪಕ ವಿಮಾನವನ್ನು ಬಣ್ಣಿಸಿದ ಕವಿಗಳು ಅದರ ಕೀಲು ಸವೆದರೆ ಗತಿಯೇನೆಂಬುದನ್ನು ಹೇಳಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯವರು 1958ರಲ್ಲಿ ಹಾರಿಸಿದ ಪುಟ್ಟ ಪುಷ್ಪಕಕ್ಕಾದರೋ ಆ ಚಿಂತೆ ತಪ್ಪಲಿಲ್ಲ.

ಮದ್ದೂರು, ಮಳವಳ್ಳಿ ಕಡೆಯ ಆಲೆಮನೆಗಳನ್ನು ಬಲ್ಲವರಿಗೆ ಈ ವಿಷಯ ಕಷ್ಟವಲ್ಲ. ಕಬ್ಬು ಕಡಿದು ರಾಶಿ ಹಾಕಿದ ದಿನವೇ ಗಾಣದ ಬೇರಿಂಗು ಮುರಿಯಿತೆನ್ನಿ. ಕಬ್ಬು ಒಣಗುತ್ತದೆ, ತೂಕ ಇಳಿಯುತ್ತದೆ. ಆಳುಗಳ ಕೂಲಿ ಮಾತ್ರ ನಿಲ್ಲದು. ಆಗ ಮಂಡ್ಯದ ಅಂಗಡಿಯವನು ಹೇಳಿದ್ದೇ ಬೆಲೆ. ನೆಲದಲ್ಲಿ ನಿಂತ ವಿಮಾನದ ಪಾಡೂ ಇದೇ. ಹಾರದಿದ್ದರೂ ಬಾಡಿಗೆ, ಸಾಲದ ಕಂತು, ಸಿಬ್ಬಂದಿಯ ಸಂಬಳ ಏರುತ್ತಲೇ ಇರುತ್ತವೆ.

ಬೇರಿಂಗನ್ನಾದರೆ ನಾಲ್ಕು ಅಂಗಡಿಗಳಲ್ಲಿ ವಿಚಾರಿಸಬಹುದು. ವಿಮಾನದ ಎಷ್ಟೋ ಭಾಗಗಳಿಗೆ ತಯಾರಕನೊಬ್ಬನೇ; ಬೇಕಾಗುವ ಸಂಖ್ಯೆಯೂ ಸ್ವಲ್ಪ. ಮೇಲಾಗಿ ಪ್ರತಿಯೊಂದಕ್ಕೂ ಜಾತಕದಂತೆ ಪ್ರಮಾಣಪತ್ರವಿರಬೇಕು. ಪತ್ರವಿಲ್ಲದ ಬೋಲ್ಟು ಹೊಸದಾದರೂ ಗುಜರಿಯೇ. ಈ ಕಟ್ಟುನಿಟ್ಟು ವ್ಯರ್ಥವಲ್ಲ. 1989ರ ಸೆಪ್ಟೆಂಬರ್ 8ರಂದು ನಾರ್ವೆಯಿಂದ ಹೊರಟ ವಿಮಾನವೊಂದು ಡೆನ್ಮಾರ್ಕಿನ ಬಳಿ ಸಮುದ್ರಕ್ಕೆ ಬಿದ್ದು 55 ಜನ ಸತ್ತರು. ಅದರ ಬಾಲದಲ್ಲಿದ್ದ ಬೋಲ್ಟುಗಳು ಖೋಟಾ ಎಂಬುದು ತನಿಖೆಯಿಂದ ತಿಳಿಯಿತು. ಆದ್ದರಿಂದ ಅಗ್ಗವೆಂದರೆ ಕಳಪೆಯೆಂದಾಗಕೂಡದು.

ಹಾಗಾದರೆ ಖರ್ಚು ಇಳಿಸುವುದು ಹೇಗೆ? ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ಹುಟ್ಟಿದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ತೆರೆದು ಟಿಕೇಟನ್ನು ಅಗ್ಗಮಾಡಿದರಷ್ಟೆ. ಇಂಥ ಕಂಪನಿಗಳು ಸಾಮಾನ್ಯವಾಗಿ ಒಂದೆರಡು ಜಾತಿಯ ವಿಮಾನಗಳನ್ನೇ ಇಟ್ಟುಕೊಳ್ಳುತ್ತವೆ. ಒಂದೇ ಉಗ್ರಾಣ ಎಲ್ಲಕ್ಕೂ ಒದಗುತ್ತದೆ. ಹಲವು ಕಂಪನಿಗಳು ಕೂಡಿ ದಾಸ್ತಾನು ಇಡುವುದೂ ಉಂಟು. ಹೊರಗಿನಿಂದ ತರಿಸುವ ಭಾಗಗಳ ಮೇಲೆ ಶೇಕಡಾ 5ರಿಂದ 28ರವರೆಗೆ ಬಗೆಬಗೆಯಾಗಿದ್ದ ಜಿ.ಎಸ್.ಟಿ.ಯನ್ನು ಭಾರತ ಸರ್ಕಾರ 2024ರ ಜುಲೈ 15ರಿಂದ 5ಕ್ಕೇ ನಿಲ್ಲಿಸಿತು.

ನನಗೆ ಹಿಡಿಸಿದ್ದು ಇನ್ನೊಂದು ಉಪಾಯ. 1962ರಲ್ಲಿ ಬ್ರಿಸ್ಟಲ್ ಸಿಡ್ಲಿ ಎಂಬ ಬ್ರಿಟಿಷ್ ಕಂಪನಿ ತನ್ನ ಎಂಜಿನುಗಳ ದುರಸ್ತಿಗೂ ಭಾಗಗಳಿಗೂ ಸೇರಿಸಿ, ಹಾರಿದ ಗಂಟೆಗೆ ಇಷ್ಟೆಂದು ದರ ಕಟ್ಟಿತು. ಭಾಗವನ್ನು ಬಿಡಿಯಾಗಿ ಮಾರುವವನಿಗೆ ಅದು ಬೇಗ ಸವೆದಷ್ಟೂ ಲಾಭ. ಇಲ್ಲಿಯಾದರೋ ಬಾಳಿದಷ್ಟೂ ಲಾಭ. ಬೇರಿಂಗಿಗೆ ಬೆಲೆ ಕಟ್ಟದೆ, ಅರೆದ ಕಬ್ಬಿನ ಟನ್ನಿಗಿಷ್ಟೆಂದು ಗಾಣ ಮಾರಿದವನಿಗೇ ಕೊಟ್ಟಂತೆ. ಆದರೆ ಗಂಟೆಯ ದರವನ್ನು ಹೇಳುವವನೂ ಆ ತಯಾರಕನೇ. ನೂರು ವಿಮಾನಗಳುಳ್ಳ ಕಂಪನಿ ಚೌಕಾಸಿ ಮಾಡೀತು; ಮೂರು ವಿಮಾನಗಳವನು ಕೇಳಿದಷ್ಟು ಕೊಟ್ಟು, ಅದನ್ನು ನಮ್ಮ ಟಿಕೇಟಿಗೆ ಸೇರಿಸುತ್ತಾನೆ.