ಶ್ರೇಯಾಂಕಗಳು ಏರಿಳಿಯುವುದೇಕೆ?

ಪದವಿ ಪರೀಕ್ಷೆಗಳ ಫಲಿತಾಂಶ ಹೊರಬೀಳುತ್ತಿದ್ದಂತೆ ರೋಣ, ನರಗುಂದ, ಗಜೇಂದ್ರಗಡಗಳ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಮುಂದಿನ ಓದು ಎಲ್ಲಿ? ಧಾರವಾಡವೇ, ಗದಗವೇ, ದೂರದ ಬೆಂಗಳೂರೇ? ಎರೆಹೊಲದ ಹತ್ತಿ ಕಡಲೆಗಳ ಆದಾಯದಲ್ಲಿ ಎರಡು ವರ್ಷಗಳ ಶುಲ್ಕ, ವಸತಿಗಳನ್ನು ನಿಭಾಯಿಸಬೇಕಾದ ತಂದೆತಾಯಿಗಳಿಗೆ ಇದು ಸಣ್ಣ ಮಾತಲ್ಲ. ಆಗ ಯಾರಾದರೊಬ್ಬರು ಶ್ರೇಯಾಂಕಗಳ ಪಟ್ಟಿಯನ್ನು ಮುಂದೆ ಹಿಡಿಯುತ್ತಾರೆ. ಹೋದ ವರ್ಷ ನಲವತ್ತನೆಯದಾಗಿದ್ದ ಸಂಸ್ಥೆ ಈ ವರ್ಷ ಅರವತ್ತಕ್ಕೆ ಇಳಿದಿದ್ದರೆ, ಅದು ಕೆಟ್ಟುಹೋಯಿತೆಂದೇ ತೀರ್ಮಾನವಾಗುತ್ತದೆ. ಒಂದೇ ವರ್ಷದಲ್ಲಿ ಒಂದು ವಿದ್ಯಾಸಂಸ್ಥೆ ಅಷ್ಟು ಕೆಡಬಲ್ಲುದೆ?

ನಮ್ಮ ದೇಶದಲ್ಲಿ ಎನ್.ಐ.ಆರ್.ಎಫ್. ಎಂಬ ಸರಕಾರೀ ವ್ಯವಸ್ಥೆ 2015ರಲ್ಲಿ ರೂಪುಗೊಂಡು, 2016ರಲ್ಲಿ ಮೊದಲ ಪಟ್ಟಿಯನ್ನು ಹೊರಡಿಸಿತು. ವಿಶ್ವವಿದ್ಯಾಲಯಗಳನ್ನು ಅಳೆಯುವಾಗ ಅದು ಬೋಧನೆ ಮತ್ತು ಸಾಧನಗಳಿಗೆ ನೂರರಲ್ಲಿ 30, ಸಂಶೋಧನೆಗೆ 30, ಪದವೀಧರರ ಫಲಿತಕ್ಕೆ 20, ಎಲ್ಲ ವರ್ಗದವರನ್ನೂ ಒಳಗೊಳ್ಳುವುದಕ್ಕೆ 10, ಜನಾಭಿಪ್ರಾಯಕ್ಕೆ 10 ಎಂಬ ತೂಕವನ್ನು ಕೊಟ್ಟಿದೆ. ಈ ತೂಕಗಳು ನಿಸರ್ಗ ನಿಯಮಗಳಲ್ಲ. ಒಂದು ಸಮಿತಿಯ ನಿರ್ಣಯಗಳು.

ತೂಕದ ಮಹಿಮೆಯನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಮೇಲಿನ ಐದು ಬಾಬುಗಳಲ್ಲಿ ‘ಅ’ ಸಂಸ್ಥೆ ಕ್ರಮವಾಗಿ 70, 60, 80, 60, 40 ಅಂಕಗಳನ್ನೂ, ‘ಆ’ ಸಂಸ್ಥೆ 60, 70, 75, 60, 60 ಅಂಕಗಳನ್ನೂ ಪಡೆದಿವೆಯೆನ್ನಿ. ತೂಕ ಹಾಕಿ ಕೂಡಿದರೆ ‘ಅ’ಗೆ 65, ‘ಆ’ಗೆ 66, ‘ಆ’ ಮೊದಲನೆಯದು. ಇನ್ನು ಜನಾಭಿಪ್ರಾಯವನ್ನು ಕೈಬಿಟ್ಟು ಅದರ 10ನ್ನು ಪದವೀಧರರ ಫಲಿತಕ್ಕೆ ಸೇರಿಸಿರಿ. ಈಗ ‘ಅ’ಗೆ 69, ‘ಆ’ಗೆ 67.5! ಒಬ್ಬ ಅಧ್ಯಾಪಕನೂ ಬದಲಾಗಲಿಲ್ಲ, ಒಂದು ಪುಸ್ತಕವೂ ಗ್ರಂಥಾಲಯಕ್ಕೆ ಬರಲಿಲ್ಲ. ಆದರೂ ಸ್ಥಾನಗಳು ಅದಲುಬದಲಾದವು.

ಇದು ಬರಿಯ ಲೆಕ್ಕದ ಚಮತ್ಕಾರವಲ್ಲ. ಅಮೆರಿಕದ ಯೇಲ್ ನ್ಯಾಯಶಾಸ್ತ್ರ ವಿದ್ಯಾಲಯ ಅಲ್ಲಿಯ ಪ್ರಸಿದ್ಧ ಪಟ್ಟಿಯೊಂದರಲ್ಲಿ ಬಹುಕಾಲದಿಂದ ಅಗ್ರಸ್ಥಾನದಲ್ಲಿತ್ತು. ಆದರೂ 2022ರ ನವೆಂಬರಿನಲ್ಲಿ, ಬಡ ವಿದ್ಯಾರ್ಥಿಗಳಿಗೆ ನೆರವಾಗುವ ಮತ್ತು ಲೋಕಸೇವೆಗೆ ಕಳುಹುವ ವಿದ್ಯಾಲಯಗಳನ್ನು ಈ ಅಳತೆ ಶಿಕ್ಷಿಸುತ್ತದೆಂದು ಹೇಳಿ ಅದು ಹಿಂದೆ ಸರಿಯಿತು. ಇತರ ವಿದ್ಯಾಲಯಗಳೂ ಹಿಂಬಾಲಿಸಿದಾಗ, ಪಟ್ಟಿಯವರು ಮರುವರ್ಷ ತಮ್ಮ ತೂಕಗಳನ್ನೇ ಬದಲಿಸಿದರು. ಅದೇ 2022ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯ ಎರಡನೆಯ ಸ್ಥಾನದಿಂದ ಹದಿನೆಂಟಕ್ಕೆ ಉರುಳಿತು. ಅದು ಒದಗಿಸಿದ್ದ ಅಂಕಿಗಳಲ್ಲಿ ದೋಷವಿದೆಯೆಂದು ತೋರಿಸಿದವರು ಅಲ್ಲಿಯೇ ಗಣಿತ ಕಲಿಸುವ ಮೈಕೆಲ್ ಥೇಡಿಯಸ್. ಆ ಗಣಿತಜ್ಞರ ಧೈರ್ಯ ಮೆಚ್ಚತಕ್ಕದ್ದೇ ಸರಿ.

ನಮ್ಮಲ್ಲಿಯ ನಿದರ್ಶನವನ್ನೂ ನೋಡಬಹುದು. ಭಾರತೀಯ ವಿಜ್ಞಾನ ಸಂಸ್ಥೆ 2019ರಲ್ಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಮೊದಲನೆಯದು, ಸಮಗ್ರ ಪಟ್ಟಿಯಲ್ಲಿ ಎರಡನೆಯದು. ಬೆಂಗಳೂರಿನ ಭಾರತೀಯ ಪ್ರಬಂಧನ ಸಂಸ್ಥೆ ಆಡಳಿತ ವಿದ್ಯೆಯಲ್ಲಿ 2016ರಲ್ಲಿ ಮೊದಲನೆಯದಾಗಿ, 2017ರಲ್ಲಿ ಎರಡಕ್ಕಿಳಿದು, 2019ರಲ್ಲಿ ಮತ್ತೆ ಮೇಲೇರಿ, 2020ರಲ್ಲಿ ಪುನಃ ಎರಡನೆಯದಾಯಿತು. ಅದರ ಬೋಧನೆ ಹೀಗೆ ಉಯ್ಯಾಲೆಯಾಡಿತೆಂದು ನಾವು ನಂಬಲಾರೆವು.

ಹಾಗಾದರೆ ಪಟ್ಟಿ ನಿಷ್ಪ್ರಯೋಜಕವೆ? ಅಲ್ಲ. ಸ್ಥಾನಕ್ಕಿಂತ ಅದರ ಕೆಳಗಿನ ವಿವರಗಳು ಬೆಲೆಯುಳ್ಳವು. ಎನ್.ಐ.ಆರ್.ಎಫ್. ಬಾಬುವಾರು ಅಂಕಗಳನ್ನೂ, ಸಂಸ್ಥೆಗಳು ಸಲ್ಲಿಸಿದ ವಿದ್ಯಾರ್ಥಿ ಹಾಗೂ ಅಧ್ಯಾಪಕರ ಲೆಕ್ಕವನ್ನೂ ಪ್ರಕಟಿಸುತ್ತದೆ. ಇನ್ನೊಂದು ಮಾತು: ವಿಶ್ವವಿದ್ಯಾಲಯದ ಅಂಕ ಇಡೀ ಸಂಸ್ಥೆಯದು. ನರಗುಂದದ ವಿದ್ಯಾರ್ಥಿನಿಯೊಬ್ಬಳು ಸೇರುವುದು ರಸಾಯನಶಾಸ್ತ್ರ ವಿಭಾಗವನ್ನು. ಅಲ್ಲಿ ಎಷ್ಟು ಹುದ್ದೆಗಳು ಖಾಲಿ ಇವೆ, ಪ್ರಯೋಗಶಾಲೆಯ ಯಂತ್ರಗಳು ವಿದ್ಯಾರ್ಥಿಗಳ ಕೈಗೆ ಸಿಗುತ್ತವೆಯೆ, ಹೋದ ವರ್ಷ ಓದಿ ಹೊರಬಂದವರು ಎಲ್ಲಿದ್ದಾರೆ ಎಂಬುದನ್ನು ಧಾರವಾಡದ ಬಸ್ಸು ಹತ್ತಿ ಹೋಗಿ, ಒಂದು ದಿನದಲ್ಲಿ ಆಕೆ ಕೇಳಿ ತಿಳಿಯಬಹುದು.