ಸಂತೆಯ ನಡುವೆ ಒಬ್ಬ ಮ್ಯಾಜಿಸ್ಟ್ರೇಟ್

ಹತ್ತೊಂಬತ್ತನೆಯ ಶತಮಾನದ ಆರಂಭದ ಐರ್ಲೆಂಡ್. ಟಿಪ್ಪರರಿ ಸೀಮೆಯ ಒಂದು ಸಂತೆಪೇಟೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಮಧ್ಯಾಹ್ನದವರೆಗೆ ದನ, ಹಂದಿ, ಬೆಣ್ಣೆಗಳ ವ್ಯಾಪಾರ. ಹಂದಿ ಮಾರಿದ ಹಣದಲ್ಲಿಯೇ ಬಡ ಒಕ್ಕಲು ಜಮೀನ್ದಾರನ ಗೇಣಿಯನ್ನು ಸಲ್ಲಿಸಬೇಕು. ವ್ಯಾಪಾರ ಮುಗಿದ ಮೇಲೆ ಕುಡಿತ; ಕುಡಿತದ ಬೆನ್ನಿಗೆ ಕೂಗಾಟ. ಒಬ್ಬ ತನ್ನ ಕೋಟನ್ನು ಕಳಚಿ, ನೆಲದ ಮೇಲೆ ಎಳೆಯುತ್ತ, ‘ಇದನ್ನು ತುಳಿಯುವ ಗಂಡಸು ಯಾರಿದ್ದಾನೆ?’ ಎಂದು ಸವಾಲು ಹಾಕುವನು. ಮರುಗಳಿಗೆಯಲ್ಲಿ ನೂರಾರು ಬಡಿಗೆಗಳು ಮೇಲೇಳುವುವು.

ಇಂತಹ ಹೊಡೆದಾಟಗಳನ್ನು ಐರಿಷ್ ಜನರ ಹುಟ್ಟುಗುಣವೆಂದು ಅಂದಿನ ಇಂಗ್ಲಿಷರು ನಗೆಯಾಡಿ ತಳ್ಳಿಹಾಕುತ್ತಿದ್ದರು. ನಿಜಸಂಗತಿ ಅಷ್ಟು ಸರಳವಲ್ಲ. 1806ರಿಂದ 1811ರವರೆಗೆ ಟಿಪ್ಪರರಿ, ವಾಟರ್‌ಫರ್ಡ್ ಮೊದಲಾದ ಕಡೆ ಹೋರಾಡಿದ ಎರಡು ಪಂಗಡಗಳ ಹೆಸರುಗಳೇನೋ ಉಡುಪಿನಿಂದ ಬಂದವು: ಒಂದು ಕೊರಳವಸ್ತ್ರದ ‘ಕ್ಯಾರವಾಟ್’, ಇನ್ನೊಂದು ಹಳೆಯ ವೇಸ್ಟ್‌ಕೋಟಿನ ‘ಶ್ಯಾನವೆಸ್ಟ್’. ಆದರೆ ಮೊದಲನೆಯ ಪಂಗಡದಲ್ಲಿ ಹೆಚ್ಚಾಗಿದ್ದವರು ಕೂಲಿಗಳು, ತುಂಡುಭೂಮಿಯ ಬಡವರು. ಎರಡನೆಯದರಲ್ಲಿ ಸ್ಥಿತಿವಂತ ರೈತರು. ಗೇಣಿ, ಕೂಲಿ, ಭೂಮಿಗಳ ಜಗಳವೇ ಸಂತೆಯಲ್ಲಿ ಬಡಿಗೆಯ ರೂಪ ತಾಳುತ್ತಿತ್ತು ಎಂದು ಇತಿಹಾಸಕಾರರು ತೋರಿಸಿಕೊಟ್ಟಿದ್ದಾರೆ.

ಇದನ್ನು ತಡೆಯಬೇಕಾದವನು ಮ್ಯಾಜಿಸ್ಟ್ರೇಟ್. ಆತನ ಕೈಯಲ್ಲಿದ್ದುದು ಒಂದು ಕಾಗದ. 1787ರಲ್ಲಿ ಐರ್ಲೆಂಡಿನ ಪಾರ್ಲಿಮೆಂಟು ಮಾಡಿದ ದೊಂಬಿ ಕಾಯಿದೆಯ ಪ್ರಕಾರ, ಹನ್ನೆರಡು ಅಥವಾ ಹೆಚ್ಚು ಮಂದಿ ಸೇರಿ ಗಲಭೆಗಿಳಿದರೆ, ಆತನು ಅವರ ಬಳಿಗೆ ಹೋಗಿ, ಚದುರಿರೆಂಬ ರಾಜಾಜ್ಞೆಯನ್ನು ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಒಂದು ಗಂಟೆಯ ಗಡುವು. ಆಮೇಲೂ ನಿಂತವರದು ಘೋರಾಪರಾಧ. ಓದುವುದರಲ್ಲಿಯೂ ತಪ್ಪುವಂತಿಲ್ಲ. ಇಂಗ್ಲೆಂಡಿನಲ್ಲಿ ಇಂತಹುದೇ ಕಾಯಿದೆಯಡಿ ನಡೆದ ಒಂದು ಮೊಕದ್ದಮೆ, ಕಡೆಯಲ್ಲಿ ಹೇಳಬೇಕಾಗಿದ್ದ ‘ದೇವರು ರಾಜನನ್ನು ಕಾಪಾಡಲಿ’ ಎಂಬ ಮಾತು ಬಿಟ್ಟುಹೋದುದರಿಂದಲೇ 1830ರಲ್ಲಿ ಬಿದ್ದುಹೋಯಿತು. ಕಲ್ಲು ತೂರುತ್ತಿರುವ ಜನರೆದುರು ನಿಂತು ಪಾಠ ತಪ್ಪದೆ ಒಪ್ಪಿಸುವ ಧೈರ್ಯವನ್ನು ನೀವೇ ಊಹಿಸಿಕೊಳ್ಳಿ. ಅದರ ಮೇಲೆ, ಆಜ್ಞೆ ಇಂಗ್ಲಿಷಿನಲ್ಲಿ. ದೇಶದ ದಕ್ಷಿಣದಲ್ಲೂ ಪಶ್ಚಿಮದಲ್ಲೂ ಸಂತೆಗೆ ಬಂದ ಬಹುಜನರ ಮನೆಮಾತು ಐರಿಷ್. ಎಷ್ಟೋ ಕಡೆ ಕಾಗದಕ್ಕಿಂತ, ಊರಿನ ಕ್ಯಾಥೊಲಿಕ್ ಪಾದ್ರಿ ಚಾವಟಿ ಹಿಡಿದು ಗುಂಪಿನೊಳಗೆ ನುಗ್ಗಿದುದೇ ಹೆಚ್ಚು ಕೆಲಸ ಮಾಡುತ್ತಿತ್ತು.

ಆದರೆ ನಿಜವಾದ ತೊಡಕಿದ್ದುದು ಕಾಗದದಲ್ಲಲ್ಲ, ಅದನ್ನು ಹಿಡಿದ ಕೈಯಲ್ಲಿ. ಅಂದಿನ ಮ್ಯಾಜಿಸ್ಟ್ರೇಟನಿಗೆ ಸಂಬಳವಿರಲಿಲ್ಲ. ಆತ ಸಾಮಾನ್ಯವಾಗಿ ಅದೇ ಸೀಮೆಯ ಜಮೀನ್ದಾರ, ಇಲ್ಲವೇ ಆ ವರ್ಗದ ನೆಂಟ, ಬಹುತೇಕ ಪ್ರಾಟೆಸ್ಟಂಟ್. 1793ರ ಕಾನೂನು ಕ್ಯಾಥೊಲಿಕರಿಗೂ ಆ ಸ್ಥಾನವನ್ನು ತೆರೆದಿತ್ತಾದರೂ, ಒಳಗೆ ಬಂದವರು ವಿರಳ. ಗೇಣಿ ಎತ್ತುವವನೂ ಅವನೇ, ಒಕ್ಕಲೆಬ್ಬಿಸುವವನೂ ಅವನೇ, ಶಾಂತಿಯಿಂದಿರಿ ಎಂದು ರಾಜನ ಹೆಸರಿನಲ್ಲಿ ಹೇಳುವವನೂ ಅವನೇ. ಜಗಳದ ಒಂದು ಪಕ್ಷವೇ ನ್ಯಾಯಪೀಠದಲ್ಲಿ ಕುಳಿತರೆ ಅದರ ಮಾತಿಗೆ ತಲೆಬಾಗುವವರಾರು? ಬಡಿಗೆಗಳು ತಮ್ಮ ತಮ್ಮಲ್ಲೇ ಹೊಡೆದಾಡುವವರೆಗೆ ನಮಗೇನು ಎಂದು ಕೆಲವು ಮ್ಯಾಜಿಸ್ಟ್ರೇಟರು ಸುಮ್ಮನಿರುತ್ತಾರೆ ಎಂಬ ದೂರೂ ಆಗ ಇತ್ತು.

ಆ ಸ್ಥಾನದ ಭಯವನ್ನೂ ಮರೆಯಬಾರದು. 1831ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರ ದೊಂಬಿಯಲ್ಲಿ ಉರಿದಾಗ, ಕರ್ತವ್ಯಲೋಪದ ಆಪಾದನೆಯ ಮೇಲೆ ಮೇಯರ್ ಚಾರ್ಲ್ಸ್ ಪಿನ್ನಿಯನ್ನೇ ವಿಚಾರಣೆಗೆ ಎಳೆದರು, ಆತ ಖುಲಾಸೆಯಾದ. ಸೈನ್ಯದ ಅಧಿಕಾರಿ ಬ್ರೆರೆಟನ್ ಸೈನಿಕ ವಿಚಾರಣೆಯ ನಡುವೆ ಗುಂಡು ಹೊಡೆದುಕೊಂಡು ಸತ್ತ. ಗುಂಡು ಹಾರಿಸಿದರೆ ಕೊಲೆಯ ಕಳಂಕ, ಹಾರಿಸದಿದ್ದರೆ ಹೇಡಿತನದ ಕಳಂಕ.

ಸರಕಾರಕ್ಕೆ ಇದು ತಿಳಿಯದೆ ಇರಲಿಲ್ಲ. ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಪೀಲ್ 1814ರಲ್ಲಿ ಹೊಸ ಕಾನೂನು ತಂದ. ಅಶಾಂತ ಪ್ರದೇಶಕ್ಕೆ ಹೊರಗಿನಿಂದ ಸಂಬಳದ ಮ್ಯಾಜಿಸ್ಟ್ರೇಟ್, ಅವನ ಕೈಕೆಳಗೆ ಐವತ್ತರವರೆಗೆ ಪೊಲೀಸರು. ಖರ್ಚು ಮಾತ್ರ ಆ ಪ್ರದೇಶದವರದೇ. ಮೊದಲು ಇದು ಜಾರಿಗೆ ಬಂದದ್ದು ಕ್ಯಾಶೆಲ್ ಪಟ್ಟಣವಿರುವ ಟಿಪ್ಪರರಿಯ ಮಿಡಲ್‌ಥರ್ಡ್ ಎಂಬ ಹೋಬಳಿಯಲ್ಲಿ. ಅಧಿಕಾರಿ ರಿಚರ್ಡ್ ವಿಲ್ಕಾಕ್ಸ್. ಶಾಂತಿಯ ಬೆಲೆಯನ್ನು ದಂಡದಂತೆ ವಸೂಲು ಮಾಡುವ ಈ ಏರ್ಪಾಡು ಸ್ಥಳೀಯ ಜಮೀನ್ದಾರರಿಗೂ ಹಿಡಿಸಲಿಲ್ಲ.

ಹಳೆಯ ರೋಗ ಎಷ್ಟು ಆಳದಲ್ಲಿತ್ತೆಂಬುದು 1831ರ ಜೂನ್ 18ರಂದು ವೆಕ್ಸ್‌ಫರ್ಡ್ ಸೀಮೆಯ ನ್ಯೂಟೌನ್‌ಬ್ಯಾರಿಯಲ್ಲಿ ಕಂಡಿತು. ಕ್ಯಾಥೊಲಿಕ್ ರೈತರೂ ಪ್ರಾಟೆಸ್ಟಂಟ್ ಚರ್ಚಿಗೆ ದಶಾಂಶವೆಂಬ ತೆರಿಗೆಯನ್ನು ತೆರಬೇಕಾಗಿದ್ದ ಕಾಲ. ಬಾಕಿಗಾಗಿ ಜಪ್ತಿಯಾದ ದನಗಳು ಸಂತೆಯ ದಿನ ಹರಾಜಿಗೆ ಬಂದವು. ಜನ ಅಡ್ಡ ನಿಂತರು. ಮ್ಯಾಜಿಸ್ಟ್ರೇಟರು ಪೊಲೀಸರ ಬೆಂಬಲಕ್ಕೆ ಯೋಮನ್ರಿ ಎಂಬ ಸ್ವಯಂಸೇವಕ ದಳವನ್ನು ಕರೆಸಿದರು. ಪ್ರಾಟೆಸ್ಟಂಟರೇ ತುಂಬಿದ್ದ, ನೆರೆಹೊರೆಯವರದೇ ಆದ ದಳವದು. ಕಲ್ಲುಗಳು ಬಂದವು, ಬಂದೂಕುಗಳು ಉತ್ತರಿಸಿದವು. ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. ಗುಂಡು ಹಾರಿಸಿದವರಿಗೂ ಗುಂಡು ತಿಂದವರಿಗೂ ಪರಸ್ಪರ ಮುಖಪರಿಚಯವಿತ್ತೆಂಬುದೇ ಈ ಘಟನೆಯನ್ನು ಬಹುಕಾಲ ಮಾಯದ ಗಾಯವಾಗಿಸಿತು.

1836ರಲ್ಲಿ, ಅಧೀನ ಕಾರ್ಯದರ್ಶಿ ಥಾಮಸ್ ಡ್ರಮಂಡನ ಕಾಲದಲ್ಲಿ, ದೇಶದ ಬಹುಭಾಗಕ್ಕೆ ಒಂದೇ ಪೊಲೀಸ್ ದಳವಾಯಿತು. ಸಂಬಳದ ಮ್ಯಾಜಿಸ್ಟ್ರೇಟರ ಸಂಖ್ಯೆಯೂ ಬೆಳೆಯಿತು. ಎರಡು ವರ್ಷಗಳ ಮೇಲೆ ಟಿಪ್ಪರರಿಯ ಮ್ಯಾಜಿಸ್ಟ್ರೇಟರು ಇನ್ನಷ್ಟು ಬಿಗಿಯಾದ ಕಾನೂನು ಬೇಕೆಂದಾಗ, ಆಸ್ತಿಗೆ ಹಕ್ಕುಗಳಿರುವಂತೆಯೇ ಕರ್ತವ್ಯಗಳೂ ಉಂಟೆಂದು ಡ್ರಮಂಡ್ ಉತ್ತರ ಬರೆದ. ಜಮೀನ್ದಾರರು ಕೆರಳಿದರು. ಒಬ್ಬ ಸರಕಾರಿ ನೌಕರ ಅವರ ಕೈಗೆ ಕನ್ನಡಿ ಕೊಟ್ಟಿದ್ದ.

ಈ ಐರಿಷ್ ಪೊಲೀಸ್ ಮಾದರಿಯನ್ನೇ 1843ರಲ್ಲಿ ಚಾರ್ಲ್ಸ್ ನೇಪಿಯರ್ ಸಿಂಧ್ ಪ್ರಾಂತಕ್ಕೆ ತಂದನು. ಅಲ್ಲಿಂದ ಅದರ ನೆರಳು ಭಾರತದ 1861ರ ಪೊಲೀಸ್ ಕಾಯಿದೆಯ ಮೇಲೂ ಬಿದ್ದಿತು. ಗುಂಪನ್ನು ಚದುರಿರೆಂದು ಆಜ್ಞಾಪಿಸುವ ಮ್ಯಾಜಿಸ್ಟ್ರೇಟ್ ನಮ್ಮ ಕಾನೂನಿನಲ್ಲಿ ಇಂದಿಗೂ ಇದ್ದಾನೆ. ಐರ್ಲೆಂಡಿನಲ್ಲಿ ಹನ್ನೆರಡು ಮಂದಿ ಬೇಕಿದ್ದ ಕಡೆ ಇಲ್ಲಿ ಐದು ಮಂದಿ ಸಾಕು. ಒಂದು ಗಂಟೆಯ ಗಡುವೂ ಇಲ್ಲ.