ಊರು ಬಿಡಿ ಎಂದಾಗ ಬಿಡಲಾಗದವರು

2005ರ ಆಗಸ್ಟ್ 27, ಶನಿವಾರ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಟುಲೇನ್ ವಿಶ್ವವಿದ್ಯಾಲಯದಲ್ಲಿ ಅಂದು ಹೊಸ ವಿದ್ಯಾರ್ಥಿಗಳು ಹಾಸ್ಟೆಲ್ ಸೇರುವ ದಿನ. ಮಕ್ಕಳ ಸಾಮಾನು ಸರಂಜಾಮು ಕಾರಿನಿಂದ ಇಳಿಸಲು ಬಂದ ಹೆತ್ತವರಿಗೆ ಅದೇ ದಿನ ಸಿಕ್ಕ ಸೂಚನೆ, ಇಳಿಸಿದ್ದನ್ನು ಬಿಟ್ಟು ಮಕ್ಕಳನ್ನು ಕರೆದುಕೊಂಡು ಹೊರಡಿ ಎಂಬುದು. ಮೆಕ್ಸಿಕೊ ಕೊಲ್ಲಿಯಲ್ಲಿ ಕತ್ರಿನಾ ಚಂಡಮಾರುತ ಬಲಿಯುತ್ತಿತ್ತು. ವಿಶ್ವವಿದ್ಯಾಲಯದ ಅಧ್ಯಕ್ಷ ಸ್ಕಾಟ್ ಕೊವೆನ್ ಅವರಿಗೂ ಕೆಲವೇ ದಿನಗಳಲ್ಲಿ ಬಾಗಿಲು ತೆರೆಯಬಹುದೆಂಬ ನಿರೀಕ್ಷೆಯಿತ್ತು. ಹೆಚ್ಚಿನವರು ಹೊರಟರು. ಸುಮಾರು 600 ವಿದ್ಯಾರ್ಥಿಗಳು ಉಳಿದುಕೊಂಡರು. ಅವರಿಗೆ ಹೋಗಲು ಹತ್ತಿರದಲ್ಲಿ ಮನೆಯಿರಲಿಲ್ಲ, ಇಲ್ಲವೇ ಹೋಗುವ ದಾರಿಯಿರಲಿಲ್ಲ. ಅವರನ್ನು ಬಸ್ಸುಗಳಲ್ಲಿ ಕೂರಿಸಿ ಸುಮಾರು 300 ಕಿ.ಮೀ. ಉತ್ತರಕ್ಕೆ, ಮಿಸಿಸಿಪ್ಪಿಯ ಜಾಕ್ಸನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸಾಗಿಸಲಾಯಿತು. ಕತ್ರಿನಾ ಅಲ್ಲಿಗೂ ಬಂತು. ಜಾಕ್ಸನ್ನಿನಲ್ಲೂ ಕರೆಂಟು ಹೋಯಿತು. ಅಲ್ಲಿಂದ ಡಲ್ಲಾಸಿಗೂ ಅಟ್ಲಾಂಟಾಕ್ಕೂ ಮತ್ತೆ ಪಯಣ. ನ್ಯೂ ಆರ್ಲಿಯನ್ಸಿನದೇ ಆದ ಝೇವಿಯರ್ ವಿಶ್ವವಿದ್ಯಾಲಯದಲ್ಲಂತೂ ನೂರಾರು ಮಂದಿ ನೀರಿನ ನಡುವೆ ಸಿಕ್ಕಿಬಿದ್ದು, ದಿನಗಳು ಕಳೆದ ಮೇಲೆ ಪಾರಾದರು.

ಚಂಡಮಾರುತಕ್ಕೆ ಕಾಲೇಜು ಸಿದ್ಧವಾಗುವುದೆಂದರೆ ಕಿಟಕಿಗೆ ಪ್ಲೈವುಡ್ ಹೊಡೆಯುವುದು, ಬಾಗಿಲಿಗೆ ಮರಳು ಚೀಲ ಒಟ್ಟುವುದು, ಒಣಗಿದ ಕೊಂಬೆ ಕಡಿಸುವುದು ಎಂಬ ಚಿತ್ರವೇ ನಮ್ಮ ಕಣ್ಣಿಗೆ ಮೊದಲು ಬರುತ್ತದೆ. ಟಿವಿಯವರು ತೋರಿಸುವುದೂ ಅದನ್ನೇ. ಅದೆಲ್ಲ ಬೇಕು, ಆದರೆ ಅದು ಎರಡು ದಿನದ ಕೆಲಸ. ಕಳೆದ ಕೆಲವು ದಶಕಗಳಲ್ಲಿ ಅಮೆರಿಕದ ಕರಾವಳಿಯ ಕ್ಯಾಂಪಸ್ಸುಗಳಿಗೆ ಬಿದ್ದ ಪೆಟ್ಟುಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಬೇರೆಯೇ ಒಂದು ಪ್ರಶ್ನೆ ಮೇಲೇಳುತ್ತದೆ: ಎಲ್ಲರೂ ಹೊರಡಿ ಎಂದ ಮೇಲೂ ಹೊರಡಲಾಗದೆ ಉಳಿಯುವವರು ಯಾರು, ಉಳಿಯುವುದು ಏನು? ಮನೆ ದೂರವಿರುವ ಹುಡುಗ, ಕಾರಿಲ್ಲದ ಹುಡುಗಿ, ಪ್ರಯೋಗಾಲಯದ ಇಲಿ, ಫ್ರೀಜರಿನಲ್ಲಿಟ್ಟ ಜೀವಕೋಶ, ಕೆಳ ಅಂತಸ್ತಿನಲ್ಲಿ ಜೋಡಿಸಿದ ಪುಸ್ತಕ. ಇವುಗಳ ಲೆಕ್ಕ ಹಾಕದ ಸಿದ್ಧತೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅರ್ಧ ಸಿದ್ಧತೆಯೇ. ಮೇಲಾಗಿ, ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30. ಅದರ ತುತ್ತತುದಿ ಸೆಪ್ಟೆಂಬರ್ 10ರ ಆಸುಪಾಸು. ಅಲ್ಲಿನ ಕಾಲೇಜುಗಳ ಹೊಸ ವರ್ಷ ಶುರುವಾಗುವುದು ಆಗಸ್ಟ್ ಕೊನೆಯಲ್ಲಿ. ಊರಿಗೆ ತೀರ ಹೊಸಬರಾದವರು, ಬಸ್ ನಿಲ್ದಾಣ ಎಲ್ಲಿದೆ ಎಂದೂ ತಿಳಿಯದವರು ತುಂಬಿಕೊಂಡಿರುವ ಹೊತ್ತಿಗೇ ಗಾಳಿಗೂ ಹದ ಬಂದಿರುತ್ತದೆ.

ಗಾಳಿಯ ವೇಗವನ್ನೇ ನೋಡುತ್ತ ಕೂತವರು ಹೇಗೆ ಮೋಸಹೋಗುತ್ತಾರೆ ಎಂಬುದಕ್ಕೆ 2001ರ ಜೂನ್ ತಿಂಗಳ ಹ್ಯೂಸ್ಟನ್ ಒಳ್ಳೆಯ ಪಾಠ. ಸಫೀರ್-ಸಿಂಪ್ಸನ್ ಎಂಬ ಮಾಪಕದಲ್ಲಿ ಚಂಡಮಾರುತಗಳಿಗೆ 1ರಿಂದ 5ರವರೆಗೆ ದರ್ಜೆ ಕೊಡುತ್ತಾರೆ. ಅದು ಅಳೆಯುವುದು ಗಾಳಿಯನ್ನು ಮಾತ್ರ. ಆ ಜೂನಿನಲ್ಲಿ ಬಂದ ಆಲಿಸನ್ ಒಂದನೆಯ ದರ್ಜೆಯನ್ನೂ ಮುಟ್ಟಲಿಲ್ಲ. ಅದು ಬರಿಯ ಉಷ್ಣವಲಯದ ಬಿರುಗಾಳಿ. ಆದರೆ ಅದು ಮುಂದಕ್ಕೆ ಹೋಗದೆ ಸುತ್ತಾಡಿತು. ಹ್ಯೂಸ್ಟನ್ ಬಂದರಿನ ಬಳಿ ಕೆಲವೇ ದಿನಗಳಲ್ಲಿ 90 ಸೆಂ.ಮೀ.ಗೂ ಮೀರಿ ಮಳೆ ಸುರಿಯಿತು. ಮಂಗಳೂರಿಗೆ ಹೆಚ್ಚುಕಡಿಮೆ ಜೂನ್ ಇಡೀ ಬೀಳುವಷ್ಟು. ನಗರದ ವೈದ್ಯಕೀಯ ವಿದ್ಯಾಸಂಸ್ಥೆಗಳೆಲ್ಲ ಒತ್ತೊತ್ತಾಗಿ ನಿಂತಿರುವ ಬಡಾವಣೆಯಲ್ಲಿ ನೆಲದಡಿಯ ಸುರಂಗ ಮಾರ್ಗಗಳು ಒಂದು ಕಟ್ಟಡದ ನೀರನ್ನು ಇನ್ನೊಂದಕ್ಕೆ ಸಾಗಿಸಿದವು. ಪ್ರಯೋಗದ ಪ್ರಾಣಿಗಳು ಇದ್ದದ್ದು ನೆಲಮಾಳಿಗೆಯಲ್ಲಿ. ಅಲ್ಲಿ ಸದ್ದಿಲ್ಲ, ಅದುರಿಲ್ಲ, ಉಷ್ಣತೆ ಏರಿಳಿಯುವುದಿಲ್ಲ, ಹೊರಗಿನವರ ಕಣ್ಣೂ ಬೀಳುವುದಿಲ್ಲ. ಆ ಜಾಗ ಆರಿಸಿದವರದು ದಡ್ಡತನವೇನಲ್ಲ. ಬೇಲರ್ ವೈದ್ಯಕೀಯ ಕಾಲೇಜೊಂದರಲ್ಲೇ ಸುಮಾರು 30,000 ಪ್ರಾಣಿಗಳು, ಬಹುಪಾಲು ಇಲಿಗಳು, ರಾತ್ರಿಯೊಂದರಲ್ಲಿ ಪಂಜರದಲ್ಲೇ ಮುಳುಗಿದವು. ಪಕ್ಕದ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಸತ್ತ ಸಾವಿರಾರು ಪ್ರಾಣಿಗಳಲ್ಲಿ ಮಂಗಗಳೂ ನಾಯಿಗಳೂ ಇದ್ದವು. ಹ್ಯೂಸ್ಟನ್ ವಿಶ್ವವಿದ್ಯಾಲಯದ ಕಾನೂನು ಗ್ರಂಥಾಲಯದ ಕೆಳ ಅಂತಸ್ತಿನಲ್ಲಿ ಸುಮಾರು 1,74,000 ಪುಸ್ತಕಗಳು ನೀರುಪಾಲಾದವು.

ಒಂದು ಇಲಿ ಸತ್ತರೆ ಇನ್ನೊಂದು ತರಿಸಿದರಾಯಿತು ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಅವು ಅಂಗಡಿಯಲ್ಲಿ ಸಿಗುವ ಇಲಿಗಳಲ್ಲ. ಒಂದು ರೋಗವನ್ನು ಅರಿಯಲೆಂದು, ಒಂದೇ ಒಂದು ವಂಶವಾಹಿಯನ್ನು ಬದಲಿಸಿ, ತಲೆಮಾರು ತಲೆಮಾರಾಗಿ ಸಾಕಿ ಬೆಳೆಸಿದ ತಳಿಗಳು. ಒಬ್ಬ ಸಂಶೋಧಕನ ಹತ್ತು ಹದಿನೈದು ವರ್ಷದ ದುಡಿಮೆ ಒಂದು ಪಂಜರದ ಸಾಲಿನಲ್ಲಿರುತ್ತದೆ. ಫ್ರೀಜರಿನ ಕತೆಯೂ ಹೀಗೆಯೇ. ಮೈನಸ್ 80 ಡಿಗ್ರಿಯ ಫ್ರೀಜರು ಕರೆಂಟು ಹೋದ ಮೇಲೂ ಬಾಗಿಲು ತೆರೆಯದಿದ್ದರೆ ಕೆಲವು ಗಂಟೆ ತಣ್ಣಗಿರುತ್ತದೆ. ಒಳಗೆ ಡ್ರೈ ಐಸ್ ತುಂಬಿದರೆ ಇನ್ನಷ್ಟು ಹೊತ್ತು. ಆಮೇಲೆ ನಿಧಾನಕ್ಕೆ ಕರಗುತ್ತದೆ; ಒಮ್ಮೆ ಕರಗಿದ ಮಾದರಿಯನ್ನು ಮತ್ತೆ ಹೆಪ್ಪುಗಟ್ಟಿಸಿ ಏನೂ ಆಗಿಲ್ಲವೆಂದು ನಟಿಸಲಾಗದು. ಇದಕ್ಕಿರುವ ಮದ್ದು ದೊಡ್ಡ ವಿಜ್ಞಾನವೇನಲ್ಲ: ಮುಖ್ಯವಾದ ಮಾದರಿಗಳ ಇನ್ನೊಂದು ಪ್ರತಿಯನ್ನು ಸಮುದ್ರದಿಂದ ದೂರದ ಊರಿನಲ್ಲಿಡುವುದು, ಅಪರೂಪದ ತಳಿಗಳ ಭ್ರೂಣಗಳನ್ನು ದ್ರವ ಸಾರಜನಕದಲ್ಲಿ ಕಾಪಿಡುವುದು. ಯಾವ ಫ್ರೀಜರಿಗೆ ಜನರೇಟರಿನ ಸಂಪರ್ಕವಿದೆ, ಯಾವುದಕ್ಕಿಲ್ಲ ಎಂದು ಬಾಗಿಲ ಮೇಲೆ ಚೀಟಿ ಅಂಟಿಸುವುದು ಅದಕ್ಕಿಂತ ಸುಲಭ. ಈ ಯಾವ ಕೆಲಸವನ್ನೂ ಸೆಪ್ಟೆಂಬರಿನಲ್ಲಿ ಮೋಡ ಕವಿದ ಮೇಲೆ ಮಾಡಲಾಗುವುದಿಲ್ಲ.

ಜನರೇಟರ್ ಇದೆ ಎಂಬ ಧೈರ್ಯವೂ ಅರ್ಧ ಧೈರ್ಯವೇ. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಅಪ್ಪಳಿಸಿದಾಗ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿಗಳು ಕಲಿಯುವ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಜನರೇಟರುಗಳು 13ನೆಯ ಮಹಡಿಯಲ್ಲಿ ಸುರಕ್ಷಿತವಾಗಿದ್ದವು. ಅವಕ್ಕೆ ಡೀಸೆಲ್ ಏರಿಸುವ ಪಂಪು ಮಾತ್ರ ನೆಲಮಾಳಿಗೆಯಲ್ಲಿತ್ತು. ಪಂಪು ಮುಳುಗಿತು. ಕತ್ತಲ ಮೆಟ್ಟಿಲುಗಳ ಮೇಲೆ ಸಿಬ್ಬಂದಿ ಮತ್ತು ಸೈನಿಕರು ಸಾಲಾಗಿ ನಿಂತು ಡೀಸೆಲನ್ನು ಕೈಯಿಂದ ಕೈಗೆ 13 ಮಹಡಿ ದಾಟಿಸಿದರು. ಅದೇ ರಾತ್ರಿ ವಿಶ್ವವಿದ್ಯಾಲಯದ ಸಂಶೋಧನಾ ಕಟ್ಟಡದ ನೆಲಮಾಳಿಗೆಯಲ್ಲಿ ಸಾವಿರಾರು ಇಲಿಗಳು ಸತ್ತವು. ಹ್ಯೂಸ್ಟನ್ನಿನ ಇಲಿಗಳು ಮುಳುಗಿ 11 ವರ್ಷ ಕಳೆದಿದ್ದವು! ಒಂದು ಊರು ಕಲಿತದ್ದು ಇನ್ನೊಂದು ಊರಿಗೆ ದಾಟಲಿಲ್ಲ. ಹ್ಯೂಸ್ಟನ್ ಮಾತ್ರ ಕಲಿತಿತ್ತು. ಅಲ್ಲಿ ಸುರಂಗಗಳಿಗೆ ಜಲಾಂತರ್ಗಾಮಿಯ ಬಾಗಿಲುಗಳಂಥ ಭಾರಿ ಕದಗಳನ್ನು ಕೂರಿಸಿ, ವಿದ್ಯುತ್ ಉಪಕರಣಗಳನ್ನು ಮೇಲಕ್ಕೆ ಸಾಗಿಸಿದ್ದರು. 2017ರಲ್ಲಿ ಹಾರ್ವೆ ಇನ್ನೂ ಹೆಚ್ಚು ಮಳೆ ಸುರಿದಾಗ ಆ ವೈದ್ಯಕೀಯ ಬಡಾವಣೆ ಬಹುಮಟ್ಟಿಗೆ ಕೆಲಸ ನಿಲ್ಲಿಸಲಿಲ್ಲ. ಕತ್ರಿನಾದಲ್ಲಿ ನೆಲಮಾಳಿಗೆಯಿಡೀ ನೀರು ತುಂಬಿಸಿಕೊಂಡ ಟುಲೇನ್ ಗ್ರಂಥಾಲಯ, ಹಳೆಯ ಕಟ್ಟಡದ ತಲೆಯ ಮೇಲೆ ಇನ್ನೆರಡು ಮಹಡಿ ಕಟ್ಟಿಸಿಕೊಂಡಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಗಬಹುದು. ಆದರೆ ಇಲ್ಲಿ ಕೊಳ್ಳೆ ಹೊಡೆಯುವವನು ಮತ್ತೆ ಬರುವುದು ಖಚಿತ. ತಡವಾಗಿ ಹಾಕಿದ ಬಾಗಿಲಿಗೂ ಬೆಲೆಯಿದೆ.

ಇದಕ್ಕೆಲ್ಲ ಹಣ ಎಲ್ಲಿಂದ ಬರಬೇಕು ಎನ್ನುವವರಿದ್ದಾರೆ. ಇಪ್ಪತ್ತು ವರ್ಷಕ್ಕೊಮ್ಮೆ ಬರುವ ಗಂಡಾಂತರಕ್ಕಾಗಿ ಪ್ರತಿವರ್ಷ ಬಸ್ ಕಂಪನಿಗೆ ಮುಂಗಡ ಕೊಡುವುದು, ಫ್ರೀಜರುಗಳನ್ನು ಮೇಲಕ್ಕೆ ಹೊರುವುದು ಯಾವ ಲೆಕ್ಕಪತ್ರಕ್ಕೂ ಒಗ್ಗದು. ಸುಳ್ಳಲ್ಲ. ಬೋಧನೆಗೇ ದುಡ್ಡು ಸಾಲದ ಸಣ್ಣ ಕಾಲೇಜುಗಳ ಪಾಲಿಗೆ ಇದು ನಿಜವಾದ ಸಂಕಟ. ಆದರೆ ಈ ವಾದ ಎಣಿಸುವುದು ಸಿದ್ಧತೆಯ ಖರ್ಚನ್ನು ಮಾತ್ರ. ಕತ್ರಿನಾದ ನಂತರ ಟುಲೇನ್ ಒಂದು ಇಡೀ ಸೆಮಿಸ್ಟರ್ ಮುಚ್ಚಿತು. ಅಮೆರಿಕದ ಅಂತರ್ಯುದ್ಧದ ನಂತರ ಅಂಥದ್ದು ನಡೆದಿರಲಿಲ್ಲ. ಅದರ ವಿದ್ಯಾರ್ಥಿಗಳು ದೇಶದ ನೂರಾರು ಕಾಲೇಜುಗಳಿಗೆ ಚದುರಿ ಹೋದರು. 2006ರ ಜನವರಿಯಲ್ಲಿ ತೆರೆಯುವ ಹೊತ್ತಿಗೆ ಎಂಜಿನಿಯರಿಂಗಿನ ಹಲವು ವಿಭಾಗಗಳನ್ನು ಮುಚ್ಚುವ ತೀರ್ಮಾನವಾಗಿತ್ತು. ಇನ್ನು ಕೆಲವು ಸಿದ್ಧತೆಗಳಿಗೆ ಹಣವೇ ಬೇಕಿಲ್ಲ. ಟುಲೇನ್ ಸಿಬ್ಬಂದಿಯ ಸಂಬಳದ ಲೆಕ್ಕವಿದ್ದ ಕಂಪ್ಯೂಟರ್ ಟೇಪುಗಳು ನಗರದೊಳಗಿನ ಬಹುಮಹಡಿ ಕಟ್ಟಡವೊಂದರಲ್ಲೇ ಉಳಿದು, ಮುಳುಗಿದ ಊರೊಳಗೆ ಜನ ಕಳಿಸಿ ತರಿಸಬೇಕಾಯಿತು. ಒಂದು ಪ್ರತಿ ಬೇರೆ ಊರಲ್ಲಿದ್ದರೆ ಆ ಸಾಹಸ ಬೇಕಿರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಪ್ರತಿ ಮುನ್ಸೂಚನೆಗೂ ಕ್ಯಾಂಪಸ್ ಖಾಲಿ ಮಾಡಿಸಿದರೆ ತೋಳ ಬಂತು ತೋಳ ಎಂದಂತಾಗಿ, ನಾಲ್ಕನೆಯ ಸಲ ಯಾರೂ ಕದಲುವುದಿಲ್ಲ. ಮೇಲಾಗಿ ಹೊರಡುವುದೇ ಅಪಾಯ. ಕತ್ರಿನಾ ಬಂದು ತಿಂಗಳು ತುಂಬುವ ಮೊದಲೇ ರೀಟಾ ಬರುತ್ತಿದೆಯೆಂದು ಹ್ಯೂಸ್ಟನ್ ಸುತ್ತಮುತ್ತಲಿನ ಲಕ್ಷಾಂತರ ಜನ ಒಟ್ಟಿಗೆ ರಸ್ತೆಗಿಳಿದಾಗ ಬಿಸಿಲಲ್ಲಿ ನಿಂತ ವಾಹನಗಳಲ್ಲೇ ಜನ ಸತ್ತರು. ವೃದ್ಧಾಶ್ರಮವೊಂದರವರನ್ನು ಹೊತ್ತ ಬಸ್ಸಿಗೆ ಬೆಂಕಿ ಹತ್ತಿ 23 ಜೀವ ಹೋಯಿತು. ಕತ್ರಿನಾ ವೇಳೆ ಡಿಲಾರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಸ್ಸೊಂದು ಹೊತ್ತಿ ಉರಿದಿತ್ತು. ಸೇರಿಕೊಂಡ ಊರೂ ಸುರಕ್ಷಿತವೆನ್ನಲಾಗದು. 2018ರಲ್ಲಿ ಫ್ಲಾರೆನ್ಸ್ ಬಂದಾಗ ನಾರ್ತ್ ಕ್ಯಾರೊಲೈನಾದ ಕರಾವಳಿಯ ವಿಲ್ಮಿಂಗ್ಟನ್ ಕ್ಯಾಂಪಸ್ಸಿನ ಕೆಲವು ವಿದ್ಯಾರ್ಥಿಗಳು ಆಸರೆ ಪಡೆದದ್ದು ಬೆಟ್ಟದ ಮೇಲಿನ ಆಶ್‌ವಿಲ್ ಕ್ಯಾಂಪಸ್ಸಿನಲ್ಲಿ. 2024ರಲ್ಲಿ ಹೆಲೀನ್ ಆ ಆಶ್‌ವಿಲ್ಲನ್ನೇ ಹುಡುಕಿಕೊಂಡು ಹೋಯಿತು. ನೀರು, ಕರೆಂಟು ಎರಡೂ ಹೋಗಿ ಅಲ್ಲಿನ ವಿದ್ಯಾರ್ಥಿಗಳೇ ಊರು ಬಿಡಬೇಕಾಯಿತು. ಇಷ್ಟಾದ ಮೇಲೂ ನಾನು ಇದನ್ನು ಸಿದ್ಧತೆಯ ವಿರುದ್ಧದ ಸಾಕ್ಷ್ಯವೆಂದು ಒಪ್ಪಲಾರೆ. ಎಲ್ಲರನ್ನೂ ಒಂದೇ ಗಳಿಗೆಯಲ್ಲಿ ಹೊರಡಿಸುವುದು ತಪ್ಪು ಎಂದಷ್ಟೇ ಅದು ಹೇಳುತ್ತದೆ. ಅಮೆರಿಕದ ಹವಾಮಾನ ಸಂಸ್ಥೆ ಬಿರುಗಾಳಿ ಮುಟ್ಟುವ ಸುಮಾರು 36 ಗಂಟೆ ಮೊದಲು ಎಚ್ಚರಿಕೆ ಕೊಡುತ್ತದೆ. ಸಾವಿರಾರು ಜನಕ್ಕೆ ಆ ಹೊತ್ತು ಸಾಲದು; ಹಾಸ್ಟೆಲಿನಲ್ಲಿ ಉಳಿಯುವ ಕೆಲವು ನೂರು ಮಂದಿಗೆ, ಅವರ ಪಟ್ಟಿ ಮೊದಲೇ ಕೈಯಲ್ಲಿದ್ದರೆ, ಧಾರಾಳವಾಗಿ ಸಾಕು.

ಈಗ ಆನ್‌ಲೈನ್ ತರಗತಿಯಿದೆಯಲ್ಲ, ಇನ್ನೇನು ಚಿಂತೆ ಎಂಬ ಮಾತೂ ಕೋವಿಡ್ ನಂತರ ಕೇಳುತ್ತಿದೆ. ಪಾಠ ನಿಲ್ಲದಿರಲು ಅದು ನೆರವಾಗುತ್ತದೆ. 2005ರಲ್ಲೇ ನ್ಯೂ ಆರ್ಲಿಯನ್ಸ್ ವಿಶ್ವವಿದ್ಯಾಲಯ ಅಕ್ಟೋಬರ್ ಹೊತ್ತಿಗೆ ಹಾಗೆ ಪಾಠ ಶುರು ಮಾಡಿತ್ತು. ಆದರೆ ಕರೆಂಟೇ ಇಲ್ಲದ ಕೋಣೆಯಲ್ಲಿ ಲ್ಯಾಪ್‌ಟಾಪ್ ಎಷ್ಟು ಹೊತ್ತು? 2021ರ ಆಗಸ್ಟ್ 29ರಂದು, ಕತ್ರಿನಾ ಬಂದ ದಿನಕ್ಕೆ ಸರಿಯಾಗಿ 16 ವರ್ಷಕ್ಕೆ, ಐಡಾ ಲೂಸಿಯಾನಾ ತೀರಕ್ಕೆ ಬಡಿಯಿತು. ರೂಪುಗೊಂಡು ಮೂರೇ ದಿನ ಆಗಿತ್ತು. ನ್ಯೂ ಆರ್ಲಿಯನ್ಸಿನ ಒಡ್ಡುಗಳು ಈ ಸಲ ಗಟ್ಟಿಯಾಗಿ ನಿಂತವು, ಊರು ಮುಳುಗಲಿಲ್ಲ. ನಗರಕ್ಕೆ ವಿದ್ಯುತ್ ತರುವ ಎಂಟೂ ಮಾರ್ಗಗಳು ಮಾತ್ರ ಕೈಕೊಟ್ಟವು. ಟುಲೇನ್ ತನ್ನ ವಿದ್ಯಾರ್ಥಿಗಳನ್ನು ಚಂಡಮಾರುತ ಹೋದ ಮೇಲೆ ಬಸ್ಸಿನಲ್ಲಿ ಹ್ಯೂಸ್ಟನ್ನಿಗೆ ಕಳಿಸಿತು. ಕಟ್ಟಡ ಉಳಿದರೂ ಆ ಸೆಕೆಯಲ್ಲಿ ದೀಪವಿಲ್ಲದೆ, ಫ್ಯಾನಿಲ್ಲದೆ ಅದರೊಳಗೆ ಬದುಕುವಂತಿರಲಿಲ್ಲ.

ಇಲ್ಲಿ ಕನ್ನಡಿಗರಿಗೂ ಒಂದು ಎಳೆ ತಗಲುತ್ತದೆ. ಟೆಕ್ಸಾಸ್, ಫ್ಲಾರಿಡಾ, ಲೂಸಿಯಾನಾಗಳಿಗೆ ಎಂಎಸ್, ಪಿಎಚ್‌ಡಿ ಮಾಡಲು ಹೋಗುವ ನಮ್ಮ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಇರುವುದು ಹಾಸ್ಟೆಲಿನಲ್ಲಲ್ಲ. ಕ್ಯಾಂಪಸ್ಸಿನ ಹೊರಗೆ ಮೂರು ನಾಲ್ಕು ಜನ ಸೇರಿ ಬಾಡಿಗೆ ಹಂಚಿಕೊಂಡ ಮನೆಗಳಲ್ಲಿ. ಹೊಸದರಲ್ಲಿ ಕಾರಿರುವುದಿಲ್ಲ. ಹಾಸ್ಟೆಲ್ ವಾರ್ಡನ್ ಎಣಿಸುವ ತಲೆಗಳಲ್ಲಿ ಅವರ ತಲೆ ಸೇರುವುದಿಲ್ಲ. ಬಾಡಿಗೆದಾರರ ಸಾಮಾನ್ಯ ವಿಮೆಯಲ್ಲಿ ಗಾಳಿ ಬೆಂಕಿಯ ನಷ್ಟ ಸೇರಿದ್ದರೂ ಪ್ರವಾಹದ್ದು ಸಾಮಾನ್ಯವಾಗಿ ಇರುವುದಿಲ್ಲ ಎಂಬುದು ಗೊತ್ತಾಗುವುದೂ ನೀರು ಬಂದ ಮೇಲೆಯೇ. ನಮ್ಮಲ್ಲಿನ ಸಿದ್ಧತೆ ಇದಕ್ಕಿಂತ ಮೇಲು ಎನ್ನುವ ಹಾಗೂ ಇಲ್ಲ. ಕರಾವಳಿಯಲ್ಲಿ ರೆಡ್ ಅಲರ್ಟ್ ಬಂತೆಂದರೆ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ, ಮನೆಯಿದ್ದವರು ಮನೆಯಲ್ಲಿರುತ್ತಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕೋವಿಡ್ ನಿರ್ಬಂಧದಿಂದ ಕಾಲೇಜುಗಳೇ ಮುಚ್ಚಿದ್ದವು. ಸುರತ್ಕಲ್ಲಿನ ಎನ್‌ಐಟಿಕೆಯಂಥ ಕಡಲಂಚಿನ ಕ್ಯಾಂಪಸ್ಸಿನಲ್ಲಿ ಹೊರ ರಾಜ್ಯಗಳ ವಿದ್ಯಾರ್ಥಿಗಳು ತುಂಬಿರುವಾಗ ಅಂಥದ್ದೊಂದು ಬಂದರೆ, ರಜೆಯ ಆದೇಶ ಅವರನ್ನು ಎಲ್ಲಿಗೂ ತಲುಪಿಸುವುದಿಲ್ಲ.

ಅಮೆರಿಕದ ಕರಾವಳಿಯ ಹಲವು ಕಾಲೇಜುಗಳು ಈಗ ವರ್ಷದ ಆರಂಭದಲ್ಲೇ ವಿದ್ಯಾರ್ಥಿಗಳಿಂದ ಒಂದು ಫಾರಂ ತುಂಬಿಸಿಕೊಳ್ಳುತ್ತವೆ: ಊರು ಬಿಡಬೇಕಾಗಿ ಬಂದರೆ ಎಲ್ಲಿಗೆ ಹೋಗುತ್ತೀರಿ, ಹೇಗೆ ಹೋಗುತ್ತೀರಿ. ಪ್ಲೈವುಡ್ಡಿಗಿಂತ, ಮರಳು ಚೀಲಕ್ಕಿಂತ ಇದು ದೊಡ್ಡ ಸಾಧನ, ಯಾರಾದರೂ ಅದನ್ನು ಓದುವುದಾದರೆ. ತುಂಬದೆ ಬಿಟ್ಟ ಜಾಗಗಳನ್ನು ಎಣಿಸಿದರೆ ಎಷ್ಟು ಬಸ್ಸು ಬೇಕೆಂದು ಗೊತ್ತಾಗುತ್ತದೆ. ತುಂಬಿದ ಜಾಗಗಳನ್ನೂ ನೋಡಬೇಕು. ಹೋಗುವ ವಿಳಾಸವೆಂದು ಒಬ್ಬ ಧಾರವಾಡದ ಮನೆಯನ್ನೇ ಬರೆದಿರಬಹುದು.